ತೋಡಿ ನಿಂತುಹೋದ ಜಾಗ

ಕಂಪ್ಯೂಟರ್ ಪೂರ್ತಿ ಸತ್ತುಹೋದರೆ ರಿಪೇರಿ ಮಾಡುವವರಿಗೆ ಒಂದು ಥರದ ನೆಮ್ಮದಿ. ಎಲ್ಲಿಂದ ಶುರು ಮಾಡಬೇಕು ಅನ್ನುವುದಾದರೂ ಗೊತ್ತಿರುತ್ತದೆ. ಬದುಕಿದ್ದೂ ಅಲ್ಲಾಡದೆ ನಿಂತುಬಿಡುವ ಮಿಶಿನ್ ಇದೆಯಲ್ಲ, ಅದು ತಲೆ ತಿನ್ನುತ್ತದೆ. ಪರದೆಯ ಮೇಲೆ ಎಲ್ಲ ಇದ್ದ ಹಾಗೇ ಇರುತ್ತದೆ. ಮೌಸ್ ಮಾತ್ರ ಕದಲುವುದಿಲ್ಲ, ಮೂಲೆಯ ಗಡಿಯಾರ ಮುಂದಕ್ಕೆ ಹೋಗುವುದಿಲ್ಲ. ಕಲ್ಯಾಣದುರ್ಗದ ಒಂದು ನಡುಮನೆಯಲ್ಲಿ ಅಂಥ ಪರದೆಯ ಮುಂದೆ ಕೂತು ನಾನು ಉಗುರು ಕಚ್ಚಿಕೊಂಡ ಸಂಗತಿ ಇದು.

ಆಗ ನಾನು ಹಿಂದೂಪುರದಲ್ಲಿ, ಹಳೆಯ ಕ್ಯಾಸೆಟ್ಟುಗಳನ್ನು ಸೀಡಿಗೆ ಏರಿಸಿಕೊಡುವ ಅಂಗಡಿಯಲ್ಲಿ ಮಿಶಿನ್ ನೋಡಿಕೊಳ್ಳುವವಳಾಗಿದ್ದೆ. ಕ್ಯಾಸೆಟ್ ಕಾಲ ಮುಗಿಯುತ್ತಾ ಬಂದಿತ್ತು. ಜನ ತಮ್ಮ ಮದುವೆಯ ಹಾಡು, ತೀರಿಹೋದ ಅಜ್ಜಿಯ ಮಾತು, ಊರಿನ ಭಜನೆ ಎಲ್ಲ ಹಿಡಿದುಕೊಂಡು ಬರುತ್ತಿದ್ದರು. ಒಂದು ದಿನ ಕೈಯಲ್ಲಿ ಬರೀ ಒಂದು ಸೀಡಿ ಹಿಡಿದು ಒಬ್ಬಳು ಹುಡುಗಿ ಬಂದಳು. ಹೆಗಲಿಗೆ ನಾದಸ್ವರದ ಉದ್ದನೆಯ ಚೀಲ.

"ಇದನ್ನ ಕೇಳಿ ಸಾರ್" ಅಂದಳು ನಮ್ಮ ಯಜಮಾನರಿಗೆ.

ಹಾಕಿದೆವು. ಯಾರೋ ಕ್ಯಾಸೆಟ್ಟಿನಿಂದ ಎಂಪಿ ತ್ರೀ ಮಾಡಿಕೊಟ್ಟಿದ್ದರು. ಜಾಗ ಉಳಿಸಲು ಹಿಂಡಿ ಹಿಂಡಿ ಸಣ್ಣದು ಮಾಡಿದ್ದರಿಂದ ನಾದಸ್ವರ ತಗಡಿನ ಡಬ್ಬದೊಳಗಿಂದ ಬಂದಂತಿತ್ತು.

"ಇದರಲ್ಲಿ ಉಸಿರೇ ಇಲ್ಲ ಸಾರ್. ನಮ್ಮ ನಾಯ್ನ ಊದಿದ್ದು. ಅವರು ಎಲ್ಲಿ ಉಸಿರು ತಗೊಂತಾರೆ, ಎಲ್ಲಿ ಬೆರಳು ಅರ್ಧ ಎತ್ತುತಾರೆ, ನಂಗೆ ಅದು ಕೇಳಿಸ್ಬೇಕು. ನಾನೂ ಊದ್ತೀನಿ."

ಅವಳ ತಂದೆ ಆ ಕಡೆಯ ಹತ್ತಾರು ಊರಿಗೆ ಗೊತ್ತಿದ್ದ ನಾದಸ್ವರದವರು. ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಮದುವೆಯ ಮೆರವಣಿಗೆಯಲ್ಲಿ ಅವರು ಊದುತ್ತಿದ್ದ ತೋಡಿ ರಾಗದ ಆಲಾಪನೆಗೆ ಜನ ಕಾದು ನಿಲ್ಲುತ್ತಿದ್ದರಂತೆ. ಅದನ್ನು ಮಗಳಿಗೆ ಅರ್ಧ ಕಲಿಸಿದ್ದರು. ಉಳಿದರ್ಧ ಕ್ಯಾಸೆಟ್ಟಿನಲ್ಲಿತ್ತು. ಬರುವ ಲಗ್ನದ ತಿಂಗಳಿಗೆ ಮೇಳದ ಮುಂದೆ ನಿಲ್ಲಬೇಕಾದವಳು ಅವಳು. ನಿಲ್ಲದಿದ್ದರೆ ಡೋಲಿನವರು ಬೇರೆ ಮೇಳ ಸೇರಿಕೊಳ್ಳುತ್ತೇವೆ ಅಂದಿದ್ದರು.

"ಕ್ಯಾಸೆಟ್ ಎಲ್ಲಮ್ಮಾ?" ಅಂದರು ಯಜಮಾನರು.

"ತಂದಿಲ್ಲ. ನಾಯ್ನ ಕ್ಯಾಸೆಟ್ ಚೀಲ ಬಿಡಲ್ಲ ಸಾರ್. ಮುಂಚೆ ಯಾರೋ ಕೇಳ್ತೀನಂತ ಇಸ್ಕೊಂಡೋದವರು ವಾಪಸ್ಸೇ ಕೊಡ್ಲಿಲ್ಲ. ಈಗ ಎಡಗೈಯಾಗೆ ಇಡ್ಕಂಡೇ ಮಲಗ್ತಾರೆ. ನೀವೇ ಬರ್ಬೇಕು."

ಹಾಗೆ ಹೊರಟದ್ದು ನಾನು. ಕಂಪ್ಯೂಟರಿನ ಕ್ಯಾಬಿನೆಟ್ಟನ್ನು ಕಂಬಳಿಯಲ್ಲಿ ಸುತ್ತಿ, ಮಾನಿಟರನ್ನು ತೊಡೆಯ ಮೇಲಿಟ್ಟುಕೊಂಡು, ಕ್ಯಾಸೆಟ್ ಡೆಕ್ಕನ್ನು ಕಾಲ ಕೆಳಗಿಟ್ಟುಕೊಂಡು, ಮಡಕಶಿರ, ಪಾವಗಡ ದಾಟಿ ಹೋಗುವ ಬಸ್ಸಿನಲ್ಲಿ. ಗುಂಡಿ ಬಂದಾಗಲೆಲ್ಲ ಹಾರ್ಡ್ ಡಿಸ್ಕ್ ನೆನೆಸಿಕೊಂಡು ಹಲ್ಲು ಕಚ್ಚುತ್ತಿದ್ದೆ.

ನಡುಮನೆಯಲ್ಲಿ ಮಂಚ. ಮಂಚದ ಮೇಲೆ ಮೇಷ್ಟ್ರು. ಊರವರು ಹಾಗೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ನನ್ನನ್ನಲ್ಲ, ಡೆಕ್ಕನ್ನು ನೋಡಿದರು. ಮುಚ್ಚಳ ತೆಗೆಸಿ, ಟೇಪು ತಾಗುವ ಹೆಡ್ಡನ್ನು ಎಡಗೈ ಬೆರಳಿಂದ ಮುಟ್ಟಿ, ಬೆರಳು ಮೂಸಿದರು. ಹೆಡ್ಡು ಒರೆಸಿದ ಸ್ಪಿರಿಟ್ಟಿನ ವಾಸನೆ ಬಂದಿರಬೇಕು. ಒಂದು ಕ್ಯಾಸೆಟ್ ಕೊಟ್ಟರು. ಒಂದೇ. ಅದು ಮುಗಿದ ಮೇಲೆ ಇನ್ನೊಂದು ಅನ್ನುವ ಹಾಗೆ ಕೈ ಮಾಡಿದರು.

ನಾನು ಮಾಡಬೇಕಿದ್ದ ಕೆಲಸ ಸರಳ. ಡೆಕ್ಕಿನಿಂದ ಬರುವ ಶಬ್ದವನ್ನು ಕಂಪ್ಯೂಟರು ಇದ್ದದ್ದು ಇದ್ದ ಹಾಗೆ ಬರೆದುಕೊಳ್ಳುತ್ತದೆ. ಅದು ದೊಡ್ಡ ಫೈಲು, ವೇವ್ ಅನ್ನುತ್ತೇವೆ. ಆಮೇಲೆ ಅದನ್ನು ಫ್ಲ್ಯಾಕ್ ಮಾಡಬೇಕು. ಎಂಪಿ ತ್ರೀ ಶಬ್ದವನ್ನು ಸೋಸಿ ಒಂದಿಷ್ಟು ಚೆಲ್ಲಿಬಿಡುತ್ತದೆ. ಫ್ಲ್ಯಾಕ್ ಏನನ್ನೂ ಚೆಲ್ಲುವುದಿಲ್ಲ, ಸೀರೆ ಮಡಿಸಿಟ್ಟ ಹಾಗೆ ಮಡಿಸಿಡುತ್ತದೆ, ಬಿಡಿಸಿದರೆ ಅಷ್ಟೂ ಎಳೆ ವಾಪಸ್ಸು ಬರಬೇಕು. ನಮ್ಮ ಡಿಸ್ಕು ಚಿಕ್ಕದು. ಹಾಗಾಗಿ ಒಂದು ಕ್ಯಾಸೆಟ್ ರೆಕಾರ್ಡ್ ಆಗುವಾಗಲೇ ಅದರ ಹಿಂದಿನದನ್ನು ಜೊತೆಜೊತೆಗೇ ಮಡಿಸುತ್ತಾ ಹೋಗುವಂತೆ, ಮಡಿಸಿದ ಮೇಲೆ ವೇವ್ ತಾನಾಗಿ ಅಳಿಸಿಹೋಗುವಂತೆ ಅಂಗಡಿಯಲ್ಲಿ ವ್ಯವಸ್ಥೆ ಮಾಡಿಕೊಂಡಿದ್ದೆವು. ಭಜನೆ ಕ್ಯಾಸೆಟ್ಟುಗಳಿಗೆಲ್ಲ ಅದು ಚೆನ್ನಾಗೇ ನಡೆದಿತ್ತು.

ಮೊದಲೆರಡು ಆದವು. ಮೂರನೆಯದೇ ತೋಡಿ.

ಸುಮ್ಮನೆ ಕೂತು ಕೇಳಿದೆ. ನನಗೆ ಸಂಗೀತ ಬರುವುದಿಲ್ಲ. ಆದರೂ ಆ ಶಬ್ದ ನಡುಮನೆಯಲ್ಲಿ ಎದ್ದು ನಿಂತಾಗ ಬೆನ್ನು ನೆಟ್ಟಗಾಯಿತು. ಹುಡುಗಿ ಕಂಬಕ್ಕೆ ಒರಗಿ ಬಾಯಲ್ಲೇ ಸ್ವರ ಹಿಡಿಯುತ್ತಿದ್ದಳು. ಮೇಷ್ಟ್ರು ಕಣ್ಣು ಮುಚ್ಚಿದ್ದರು. ಸ್ವಲ್ಪ ಹೊತ್ತಾದ ಮೇಲೆ ಯಾಕೋ ಪರದೆಯ ಕಡೆ ನೋಡಿದೆ. ಶಬ್ದದ ಜೊತೆ ಕುಣಿಯಬೇಕಾದ ಹಸಿರು ಪಟ್ಟಿ ಅಲ್ಲಾಡುತ್ತಿರಲಿಲ್ಲ. ಗಡಿಯಾರ ಎಷ್ಟೋ ಹಿಂದೆ ನಿಂತಿತ್ತು.

ಡೆಕ್ ತನ್ನ ಪಾಡಿಗೆ ಹಾಡುತ್ತಿತ್ತು. ಕಂಪ್ಯೂಟರು ಕೇಳಿಸಿಕೊಳ್ಳುವುದನ್ನು ಯಾವಾಗಲೋ ನಿಲ್ಲಿಸಿತ್ತು. ಡೆಕ್ ನಿಲ್ಲಿಸಲು ಕೈ ಚಾಚಿದವಳು ಮೇಷ್ಟ್ರ ಮುಖ ನೋಡಿ ಹಿಂದೆಗೆದೆ. ಮುಗಿಯುವವರೆಗೂ ಬಿಟ್ಟೆ. ಆಮೇಲೆ ಕ್ಯಾಸೆಟ್ ತೆಗೆದು ಹೆಡ್ಡಿಗೆ ಹತ್ತಿ ಒತ್ತಿದರೆ ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಟೇಪಿನ ಮೇಲಿನ ಪುಡಿ ಉದುರುತ್ತಿತ್ತು. ಶಬ್ದ ಇರುವುದೇ ಆ ಪುಡಿಯಲ್ಲಿ. ಅಂದರೆ ಒಂದೊಂದು ಸಲ ಹಾಕಿದಾಗಲೂ ಅಷ್ಟಷ್ಟು ತೋಡಿ ನನ್ನ ಹತ್ತಿಗೆ ಬರುತ್ತಿತ್ತು.

"ಏನಾಯ್ತಕ್ಕಾ?"

"ನಿಂತ್ಬುಡ್ತು ಕಣಮ್ಮ."

"ಮತ್ತೆ ಹಾಕಿದ್ರೆ ಆಯ್ತದಲ್ಲ?"

ಹತ್ತಿ ತೋರಿಸಿದೆ. ಅವಳು ಅದನ್ನು ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದಳು.

ಮೊದಲ ಅನುಮಾನ ಕರೆಂಟಿನ ಮೇಲೆ. ಪಕ್ಕದಲ್ಲೇ ಹಿಟ್ಟಿನ ಗಿರಣಿ. ಅದು ಶುರುವಾದರೆ ಮನೆಯ ಟ್ಯೂಬ್‌ಲೈಟು ಕಣ್ಣು ಪಿಳುಕಿಸುತ್ತಿತ್ತು, ಸ್ಟೆಬಿಲೈಸರ್ ಟಕಟಕ ಅನ್ನುತ್ತಿತ್ತು. ಗಿರಣಿ ನಿಲ್ಲುವ ಹೊತ್ತು ಕಾದು, ಅಂಗಡಿಯಿಂದ ತಂದಿದ್ದ ಒಂದು ಭಕ್ತಿಗೀತೆ ಸೀಡಿಯನ್ನು ಡಿಸ್ಕಿಗೆ ಇಳಿಸಿ ಅದನ್ನೇ ಫ್ಲ್ಯಾಕ್ ಮಾಡಲು ಕೊಟ್ಟೆ. ಟ್ಯೂಬ್‌ಲೈಟು ನಿಚ್ಚಳವಾಗಿ ಉರಿಯುತ್ತಿತ್ತು. ಕಂಪ್ಯೂಟರು ನಿಂತಿತು.

ಬಸ್ಸಿನ ಕುಲುಕಾಟಕ್ಕೆ ಏನಾದರೂ ಸಡಿಲವಾಗಿರಬೇಕೆಂದು ಕ್ಯಾಬಿನೆಟ್ ಬಿಚ್ಚಿ, ರ್‍ಯಾಮ್ ಕಡ್ಡಿಗಳನ್ನು ತೆಗೆದು, ಅವುಗಳ ಹಳದಿ ಹಲ್ಲನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ಮತ್ತೆ ನಿಂತಿತು. ಒಂದೊಂದೇ ಕಡ್ಡಿ ಹಾಕಿ ನೋಡಿದೆ. ಯಾವುದನ್ನು ಹಾಕಿದರೂ ನಿಂತಿತು. ವೈರಸ್ ಹುಡುಕಿಸಿದೆ. ಫೈಲುಗಳಿದ್ದ ಭಾಗ ಮುಟ್ಟದೆ ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದೆ. ಮಡಿಸುವ ಪ್ರೋಗ್ರಾಮಿನ ಹಳೆಯ ಆವೃತ್ತಿ ಸೀಡಿಯಲ್ಲಿತ್ತು, ಅದನ್ನು ಹಾಕಿ ನೋಡಿದೆ. ಒಂದೊಂದು ಸಲವೂ ಈಗ ಸರಿಹೋಯಿತು ಅನ್ನುವಷ್ಟು ದೂರ ಹೋಗಿ ನಿಲ್ಲುತ್ತಿತ್ತು. ಹುಡುಗಿಯ ತಾಯಿ ಮುದ್ದೆ, ಊರಿಬಿಂಡಿ ಚಟ್ನಿ ತಂದಿಟ್ಟರೆ ಪರದೆಯ ಗಡಿಯಾರ ನೋಡುತ್ತಲೇ ನುಂಗುತ್ತಿದ್ದೆ. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎದ್ದು ಬಾಗಿಲಿಗೆ ಹೋಗುವುದು, ವಾಪಸ್ಸು ಬಂದು ಗಡಿಯಾರ ನೋಡುವುದು.

ಪ್ರೊಸೆಸರಿನ ಮೇಲಿನ ಫ್ಯಾನಿನಲ್ಲಿ ಧೂಳು ಹತ್ತಿಯ ಹಾಗೆ ಕಟ್ಟಿತ್ತು. ಎಲ್ಲ ತೆಗೆದು, ಕೆಳಗಿನ ಒಣಗಿದ ಪೇಸ್ಟು ಕೆರೆದು ಹೊಸದು ಹಚ್ಚಿದೆ. ಪಕ್ಕದ ತಗಡು ತೆಗೆದು ಎದುರಿಗೆ ಟೇಬಲ್ ಫ್ಯಾನ್ ಇಟ್ಟೆ. ಅವತ್ತು ಮಾತ್ರ ಬಹಳ ಹೊತ್ತು ನಡೆಯಿತು. ಭಕ್ತಿಗೀತೆ ಪೂರ್ತಿ ಫ್ಲ್ಯಾಕ್ ಆಯಿತು.

"ಆಯ್ತಮ್ಮಾ!" ಅಂತ ಕೂಗಿದೆ. ಹುಡುಗಿ ಅಡುಗೆಮನೆಯಿಂದ ಓಡಿ ಬಂದಳು. ಮೇಷ್ಟ್ರು ಚೀಲಕ್ಕೆ ಕೈ ಹಾಕಿ ತೋಡಿ ಕ್ಯಾಸೆಟ್ ಹುಡುಕತೊಡಗಿದರು.

ಆ ಕ್ಷಣದಲ್ಲಿ ಯಾಕೆ ಹಾಗನ್ನಿಸಿತೋ, ಕ್ಯಾಸೆಟ್ ಇಸಿದುಕೊಳ್ಳುವ ಮೊದಲು ಫೈಲನ್ನು ಒಮ್ಮೆ ಬಿಡಿಸಿ ನೋಡೋಣ ಅಂದುಕೊಂಡೆ. ಫ್ಲ್ಯಾಕ್ ಫೈಲಿನೊಳಗೆ ಮೂಲ ಶಬ್ದದ್ದೊಂದು ಗುರುತು ಇರುತ್ತದೆ. ಬಿಡಿಸಿದಾಗ ಬಂದದ್ದು ಆ ಗುರುತಿಗೆ ಹೊಂದಬೇಕು. ಅಂಗಡಿಯಲ್ಲಿ ಯಾರೂ ಆ ಪರೀಕ್ಷೆ ಮಾಡುತ್ತಿರಲಿಲ್ಲ, ಮಾಡುವ ಸಂದರ್ಭವೂ ಬಂದಿರಲಿಲ್ಲ. ಮಾಡಿದೆ. ಹೊಂದಲಿಲ್ಲ. ನಿಲ್ಲದೆ, ಎಲ್ಲ ಸರಿಯಿದೆ ಎಂಬಂತೆ ಮುಗಿದ ಫೈಲು ಒಳಗೆ ಎಲ್ಲೋ ತಪ್ಪಾಗಿತ್ತು. ಮೊದಲ ದಿನದ ಮೊದಲ ಕ್ಯಾಸೆಟ್ಟಿನ ಫೈಲನ್ನೂ ಬಿಡಿಸಿದೆ. ಅದೂ ಹೊಂದಲಿಲ್ಲ, ಅದರ ವೇವ್ ಆಗಲೇ ಅಳಿಸಿಹೋಗಿತ್ತು.

ಅಲ್ಲಿಯವರೆಗೆ ನನಗೆ ಹೆದರಿಕೆ ಇದ್ದದ್ದು ಮಿಶಿನ್ ನಿಂತುಬಿಡುತ್ತದೆ ಅಂತ. ಈಗ ನಿಲ್ಲದೆ ನಡೆದುಬಿಟ್ಟರೆ ಅಂತ ಹೆದರಿಕೆ ಶುರುವಾಯಿತು. ನಿಂತರೆ ಗೊತ್ತಾದರೂ ಆಗುತ್ತದೆ.

"ಕ್ಯಾಸೆಟ್ ಬೇಡ ಮೇಷ್ಟ್ರೇ, ಒಳಗಿಡಿ" ಅಂದೆ. "ಈ ಮಿಶಿನ್ ಮೇಲೆ ನಂಗೆ ನಂಬಿಕೆ ಬರೋತನಕ ಇನ್ನೊಂದು ಟೇಪನ್ನ ನಾನು ಮುಟ್ಟಲ್ಲ."

ಹುಡುಗಿಗೆ ಸಿಟ್ಟು ಬಂತು. "ಅಂಗಂದ್ರೆ ಎಂಗಕ್ಕಾ? ಬಂದಾಗಿಂದ ಬಿಚ್ಚೋದು, ಕೂಡ್ಸೋದು, ಬಿಚ್ಚೋದು, ಕೂಡ್ಸೋದು. ಒಂದು ಟೇಪೂ ಆಗ್ಲಿಲ್ಲ. ಆಗಲ್ಲ ಅಂದ್ರೆ ಆಗಲ್ಲ ಅನ್ನು, ಅನಂತಪುರದಾಗೆ ಯಾರನ್ನಾರ ಕೇಳ್ತೀನಿ."

"ಕೇಳು. ಬೇಡ ಅನ್ನಲ್ಲ. ಆದ್ರೆ ಅವರನ್ನೂ ಟೇಪ್ ಹಾಕೋಕೆ ಮುಂಚೆ ಮಿಶಿನ್ ಸರಿಯಾಗಿದೆಯಾ ಅಂತ ಕೇಳು. ನಿಮ್ಮ ನಾಯ್ನ ಒಂದ್ಸಲ ಊದಿದ್ದನ್ನ ಇದು ಬ್ಯಾರೆ ಥರ ಬರ್ಕೊಂಡ್ಬುಟ್ರೆ, ನೀನು ಅದನ್ನೇ ಕಲ್ತ್ಬುಡ್ತೀಯಾ. ಆಮೇಲೆ ಅದೇ ತೋಡಿ ಆಗೋಯ್ತದೆ."

ಅವಳು ನಾದಸ್ವರ ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಬಂದಷ್ಟು ಅರ್ಧವನ್ನು ಊದಿದಳು, ಮತ್ತೆ ಊದಿದಳು. ಪ್ರತಿ ಸಲವೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಿದ್ದಳು. ನನಗೆ ಅದು ಕಂಪ್ಯೂಟರಿಗಿಂತ ಹೆಚ್ಚು ಹಿಂಸೆಯಾಯಿತು.

ಎಸ್‌ಟಿಡಿ ಬೂತಿನಿಂದ ಯಜಮಾನರಿಗೆ ಫೋನು ಮಾಡಿದೆ.

"ಅಯ್ಯೋ ಮಾರಾಯ್ತಿ, ಬರೀ ವೇವ್ ಮಾಡ್ಕೊಂಡು ಬಂದ್ಬುಡು. ಫ್ಲ್ಯಾಕ್ ಇಲ್ಲೇ ಮಾಡೋಣ. ಅಷ್ಟಕ್ಕೂ ಒಂದು ಸ್ವರ ಆಕಡೆ ಈಕಡೆ ಆದ್ರೆ ಎವರಿಕಿ ತೆಲುಸ್ತುಂದಿ?" ಅಂದರು. ಯಾರಿಗೆ ಗೊತ್ತಾಗುತ್ತೆ ಅಂತ.

"ಲೆಕ್ಕ ತಪ್ಪೋ ಮಿಶಿನ್ ವೇವನ್ನೂ ತಪ್ಪಾಗೇ ಬರ್ಕೊಂಡ್ರೆ ಸಾರ್? ಎಲ್ಲಿ ತಪ್ಪುತ್ತಿದೆ ಅನ್ನೋದೇ ಗೊತ್ತಿಲ್ಲ ನಂಗೆ."

ಅವರು ಏನೋ ಗೊಣಗಿ ಫೋನಿಟ್ಟರು.

ಮನೆಗೆ ಬಂದವಳು ಕ್ಯಾಬಿನೆಟ್ಟನ್ನು ಎತ್ತಿ ಜಗುಲಿಯ ಬಿಸಿಲಿಗೆ ಒಯ್ದೆ. ಒಳಗಿನ ಟ್ಯೂಬ್‌ಲೈಟಿನಲ್ಲಿ ಅಷ್ಟು ಸಲ ನೋಡಿದ್ದ ಮದರ್‌ಬೋರ್ಡನ್ನು ಹೊರಬೆಳಕಿನಲ್ಲಿ ಓರೆಯಾಗಿ ಹಿಡಿದಾಗ ಕಂಡಿತು. ಪ್ರೊಸೆಸರಿನ ಪಕ್ಕ ಸಾಲಾಗಿ ನಿಂತ ಸಣ್ಣ ಉರುಟು ಕೆಪಾಸಿಟರುಗಳು. ಅವುಗಳ ತಲೆ ಚಪ್ಪಟೆಯಾಗಿರಬೇಕು. ಕೆಲವು ಹೊಟ್ಟೆ ಉಬ್ಬರಿಸಿದ ಹಾಗೆ ಮೇಲಕ್ಕೆ ಉಬ್ಬಿದ್ದವು. ಒಂದರ ತಲೆ ಸೀಳಿ ಕಂದು ಅಂಟು ಹೊರಬಂದು ಒಣಗಿತ್ತು. ಪ್ರೊಸೆಸರಿಗೆ ಹೋಗುವ ಕರೆಂಟನ್ನು ಅಲುಗದಂತೆ ಹಿಡಿದಿಡುವುದು ಅವುಗಳ ಕೆಲಸ. ಹಗುರ ಕೆಲಸಕ್ಕೆ ಹೇಗೋ ಹಿಡಿದಿದ್ದವು. ಫ್ಲ್ಯಾಕ್ ಮಡಿಸುವಾಗ ಪ್ರೊಸೆಸರ್ ಪೂರ್ತಿ ದುಡಿಯುತ್ತದೆ, ಕರೆಂಟು ಜಾಸ್ತಿ ಎಳೆಯುತ್ತದೆ. ಆಗ ಇವು ಕೈಬಿಡುತ್ತಿದ್ದವು. ಒಮ್ಮೊಮ್ಮೆ ಪೂರ್ತಿ ನಿಲ್ಲುತ್ತಿತ್ತು, ಒಮ್ಮೊಮ್ಮೆ ಲೆಕ್ಕ ತಪ್ಪಿ ಮುಂದೆ ಹೋಗುತ್ತಿತ್ತು. ಸೆಖೆಗೆ ಇನ್ನೂ ಬೇಗ ಸೋಲುತ್ತಿದ್ದವು. ಅದಕ್ಕೇ ಟೇಬಲ್ ಫ್ಯಾನ್ ಇಟ್ಟಾಗ ಬಹಳ ಹೊತ್ತು ನಡೆದದ್ದು.

ಜಗುಲಿಯ ಮೇಲೇ ಕೂತುಬಿಟ್ಟೆ. ಅಳು ಬಂದ ಹಾಗೂ ಆಯಿತು, ನಗು ಬಂದ ಹಾಗೂ ಆಯಿತು.

ಊರಿನ ರೇಡಿಯೋ ರಿಪೇರಿಯವರ ಹತ್ತಿರ ಕೆಪಾಸಿಟರ್ ಸಿಗುತ್ತಿತ್ತು, ಬೆಸುಗೆ ಹಾಕಿಸಬಹುದಿತ್ತು. ಆದರೆ ಬೋರ್ಡಿಗೆ ಬೇಕಾದ ಜಾತಿಯವು ಅವರ ಹತ್ತಿರ ಇರಲಿಲ್ಲ. ಹೇಗೋ ಕೆಲಸ ನಡೆಸುವ ಮಿಶಿನ್ ನನಗೆ ಬೇಕಿರಲಿಲ್ಲ. ಕ್ಯಾಬಿನೆಟ್ಟನ್ನು ಮತ್ತೆ ಕಂಬಳಿಯಲ್ಲಿ ಸುತ್ತಿದೆ.

"ಹೋಯ್ತಿದ್ದೀಯಾ?" ಅಂದಳು ಹುಡುಗಿ. ಮುಖ ಚಿಕ್ಕದಾಗಿತ್ತು.

"ಬತ್ತೀನಿ ಕಣಮ್ಮ. ಮಾನಿಟರು, ಡೆಕ್ಕು ಇಲ್ಲೇ ಬಿಟ್ಟಿದ್ದೀನಿ, ನೋಡು."

ಹಿಂದೂಪುರದ ಅಂಗಡಿಯಲ್ಲಿ ಉಬ್ಬಿದ ಕೆಪಾಸಿಟರುಗಳ ಆ ಬೋರ್ಡನ್ನು ಯಜಮಾನರ ಮುಂದಿಟ್ಟೆ. ಅಂಥದೇ ಬೋರ್ಡು ಊರಲ್ಲಿ ಹೊಸದು ಸಿಗುತ್ತಿರಲಿಲ್ಲ. ಬೆಂಗಳೂರಿನಿಂದ ತರಿಸಬೇಕು, ಯಾವಾಗ ಬರುತ್ತದೋ ಹೇಳಲಾಗದು. ಅದೇ ಪ್ರೊಸೆಸರ್ ಕೂರುವ ಇನ್ನೊಂದು ಬೋರ್ಡು ಇದ್ದದ್ದು ಯಜಮಾನರ ಸ್ವಂತ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ.

"ಇದನ್ನ ಬಿಚ್ಚಿಕೊಟ್ರೆ ನಾನೇನು ಮಾಡ್ಲಿ? ಗೋಡೆ ನೋಡ್ಕೊಂಡು ಕೂರ್ಲಾ?"

ಅವರ ಎದುರೇ ಬೋರ್ಡಿನ ಕೆಪಾಸಿಟರುಗಳ ತಲೆಯನ್ನು ಟಾರ್ಚ್ ಹಿಡಿದು ನೋಡಿದೆ. ಎಲ್ಲ ಚಪ್ಪಟೆ. ಯಜಮಾನರು ಮೇಜಿನ ಡ್ರಾಯರಿನಿಂದ ಸ್ಕ್ರೂಡ್ರೈವರ್ ತೆಗೆದು ಕೊಟ್ಟರು. "ಆ ಹುಡುಗಿ ಸೀಡಿ ಹಿಡ್ಕಂಡು ನಿಂತಿದ್ದು ನಂಗೂ ಕಣ್ಣಾಗೈತೆ. ತಗೊಂಡ್ಹೋಗು" ಅಂದರು.

ಈ ಸಲ ಅವಸರ ಮಾಡಲಿಲ್ಲ. ಹಿಂದೂಪುರದಲ್ಲೇ ಒಂದಿಡೀ ಹಗಲು ಭಕ್ತಿಗೀತೆಯನ್ನು ಮಡಿಸಿದೆ, ಬಿಡಿಸಿದೆ, ಹೋಲಿಸಿದೆ. ಪ್ರತಿ ಸಲವೂ ಹೊಂದಿತು. ಕಲ್ಯಾಣದುರ್ಗಕ್ಕೆ ಹೋಗಿ, ಬಸ್ಸಿನ ಕುಲುಕಾಟದ ಮೇಲೆ, ಗಿರಣಿ ನಡೆಯುವಾಗ ಮತ್ತೆ ಅದನ್ನೇ ಮಾಡಿದೆ. ಹುಡುಗಿ ಬಂದು ಬಂದು ಇಣುಕುತ್ತಿದ್ದಳು.

"ಏನೂ ಕೇಳಿಸ್ತಾನೇ ಇಲ್ಲ, ಅದೇನು ಮಾಡ್ತದಕ್ಕಾ ಇದು?"

"ಲೆಕ್ಕ ಒಪ್ಪಿಸ್ತದೆ."

ಹೊಂದಿತು. ಆಗ ಮೇಷ್ಟ್ರ ಮುಂದೆ ಕೈ ಚಾಚಿದೆ.

ಕೆಲಸದ ಕ್ರಮವನ್ನೂ ಬದಲಾಯಿಸಿದ್ದೆ. ಟೇಪು ಓಡುವಾಗ ಕಂಪ್ಯೂಟರಿಗೆ ಬೇರೆ ಯಾವ ಕೆಲಸವೂ ಇಲ್ಲ, ಬರೀ ಕೇಳಿಸಿಕೊಳ್ಳುವುದು. ಚೀಲದ ಕ್ಯಾಸೆಟ್ಟುಗಳೆಲ್ಲ ಡಿಸ್ಕಿಗೆ ಹಿಡಿಸುವುದಿಲ್ಲ, ಹಾಗಾಗಿ ಒಂದು ಕ್ಯಾಸೆಟ್ ಮುಗಿಸಿ, ಡೆಕ್ ಆರಿಸಿ, ಆಮೇಲೆ ಮಡಿಸುವುದು. ಬಿಡಿಸಿ ಹೊಂದಿದ ಮೇಲೆ ಮಾತ್ರ ವೇವನ್ನು ನಾನೇ ಕೈಯಾರೆ ಅಳಿಸುವುದು. ನಿಧಾನವಾಯಿತು. ಆದರೆ ನನ್ನ ಚಡಪಡಿಕೆ ಆ ನಿಧಾನದಿಂದಲೇ ಕಡಿಮೆಯಾಯಿತು ಅನ್ನಿಸುತ್ತದೆ.

ಉಳಿದವನ್ನೆಲ್ಲ ಮುಗಿಸಿ ಕೊನೆಗೆ ತೋಡಿ ಹಾಕಿದಾಗ ಮಾತ್ರ ಹಸಿರು ಪಟ್ಟಿಯಿಂದ ಕಣ್ಣು ಕೀಳಲಿಲ್ಲ. ಮೊದಲ ಸಲಕ್ಕಿಂತ ಶಬ್ದ ಒಂಚೂರು ಮಂಕಾಗಿತ್ತು, ಹತ್ತಿಗೆ ಹೋದದ್ದು ಹೋಗಿತ್ತು. ಆದರೆ ಉಸಿರಿತ್ತು. ಪೂರ್ತಿ ಆಯಿತು. ಮಡಿಸಿದೆ, ಬಿಡಿಸಿದೆ, ಹೊಂದಿತು.

ಕಂಪ್ಯೂಟರಿನಿಂದಲೇ ಕೇಳಿಸಿದೆ. ಮೇಷ್ಟ್ರು ದಿಂಬಿಗೆ ಒರಗಿ ಕೂತಿದ್ದರು. ಹುಡುಗಿ ಕಲಿತಿದ್ದ ಅರ್ಧ ದಾಟಿತು. ರಾಗ ಮೇಲಕ್ಕೆ ಹತ್ತುತ್ತಾ ಹೋಯಿತು. ಇದ್ದಕ್ಕಿದ್ದ ಹಾಗೆ ಮೇಷ್ಟ್ರು ಎಡಗೈ ಎತ್ತಿ ಮಂಚದ ಪಟ್ಟಿಗೆ ಫಟ್ಟನೆ ಹೊಡೆದರು.

ನಿಲ್ಲಿಸಿದೆ. ಸ್ವಲ್ಪ ಹಿಂದಕ್ಕೆ ಹೋಗಿ ಮತ್ತೆ ಹಾಕಿದೆ. ಅದೇ ಜಾಗಕ್ಕೆ ಮತ್ತೆ ಹೊಡೆದರು.

"ಏನೋ ತಪ್ಪಾಗೈತೆ ಅಂತಾರೆ" ಅಂದಳು ಹುಡುಗಿ. ವೇವ್ ಇನ್ನೂ ಅಳಿಸಿರಲಿಲ್ಲ. ಅದರಲ್ಲಿ ಆ ಜಾಗ ಕೇಳಿಸಿದೆ. ಹಾಗೇ ಇತ್ತು. ಇನ್ನು ಉಳಿದದ್ದು ಟೇಪೊಂದೇ. ಅದನ್ನು ಮತ್ತೆ ಹಾಕಲು ನನಗೆ ಧೈರ್ಯ ಇರಲಿಲ್ಲ.

ಹುಡುಗಿ ಮಂಚದ ಹತ್ತಿರ ಕೂತಳು. "ನಾಯ್ನಾ, ಮಿಶಿನ್ ತಪ್ಪಾ?"

ಅವರು ಇಲ್ಲವೆಂದು ತಲೆಯಾಡಿಸಿದರು.

"ಟೇಪ್ ಕೆಟ್ಟೈತಾ?"

ಅದೂ ಇಲ್ಲ. ಎಡಗೈಯನ್ನು ಎತ್ತಿ ತಮ್ಮ ಎದೆಯ ಮೇಲೆ ಬಡಿದುಕೊಂಡರು. ನೆಟ್ಟಗಿದ್ದ ಅರ್ಧ ಬಾಯಿ ಓರೆಯಾಗಿ ಮೇಲಕ್ಕೆ ಹೋಯಿತು.

ಹುಡುಗಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ನೀನಾ? ನೀನು ತಪ್ಪಿದ್ಯಾ ಅಲ್ಲಿ?"

ಮೇಷ್ಟ್ರು ನಕ್ಕರು. ಗಂಟಲಿನಿಂದ ಬಂದ ಒಡಕು ಶಬ್ದ ಅದು, ಆದರೆ ನಗುವೇ. ಹುಡುಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಬಾಗಿಲಲ್ಲಿ ನಿಂತಿದ್ದ ತಾಯಿ, "ಇಷ್ಟು ವರ್ಷ ನಮ್ಗೊಂದು ಮಾತು ಹೇಳ್ಲಿಲ್ಲ ನೋಡು ಈಯಪ್ಪ" ಅಂದರು.

"ಆ ಜಾಗ ಕತ್ತರಿಸಿ ತೆಗೀಲಾ ಮೇಷ್ಟ್ರೇ? ಸಣ್ಣದು, ಗೊತ್ತಾಗಲ್ಲ" ಅಂದೆ.

ಮತ್ತೆ ಮಂಚದ ಪಟ್ಟಿಗೆ ಏಟು ಬಿತ್ತು. ಬೇಡ. ಮಗಳ ಕಡೆ ಬೆರಳು ತೋರಿಸಿ, ನಾದಸ್ವರದ ಕಡೆ ತೋರಿಸಿದರು.

ಅವಳು ಎತ್ತಿಕೊಂಡಳು. ಆ ಜಾಗವನ್ನು ಒಂದು ಥರ ಊದಿದಳು, ಅವರು ಅಲ್ಲವೆಂದು ತಲೆಯಾಡಿಸಿದರು. ಇನ್ನೊಂದು ಥರ ಊದಿದಳು. ಅದೂ ಅಲ್ಲ. ಮತ್ತೆ. ಮತ್ತೆ. ಕೊನೆಗೊಂದು ಸಲ ಅವರು ಹೌದೆಂದು ಕಣ್ಣರಳಿಸಿ, ಕೈಯನ್ನು ಮೆಲ್ಲಗೆ ಹಾಸಿಗೆಯ ಮೇಲೆ ಇಳಿಸಿದರು.

ನಾನು ಸೀಡಿ ಬರೆಯಲು ಕೊಟ್ಟು ಕೇಬಲ್ ಸುತ್ತತೊಡಗಿದೆ. ಹುಡುಗಿ ಬಾಯಿ ಒರೆಸಿಕೊಂಡು ತೋಡಿಯನ್ನು ಮೊದಲಿನಿಂದ ಹಿಡಿದಳು. ಅವಳು ಹಿತ್ತಿಲಲ್ಲಿ ನಿಲ್ಲುತ್ತಿದ್ದ ಜಾಗ ಬಂತು, ದಾಟಿದಳು. ಅವಳ ಅಪ್ಪ ತಪ್ಪಿದ್ದ ಜಾಗ ಬಂತು, ಅದನ್ನೂ ದಾಟಿ ಮುಂದೆ ಹೋದಳು.